ಡೀಸೆಲ್ ಎಂಜಿನ್ ಕಂಡುಹಿಡಿದ ರುಡಾಲ್ಫ್ ಅವರನ್ನು ತೈಲ ಕಂಪನಿಗಳು ಕೊಂದವೇ? ಫಾರ್ವರ್ಡ್ ಕತೆ ಮತ್ತು ನಿಜವಾದ ಬದುಕು

ಮಂಗಳೂರಿನಲ್ಲಿ ಹಳೆಯ ಕಾರುಗಳ ಹುಚ್ಚು ಹತ್ತಿಸಿಕೊಂಡವರಿಗೆ ಕೊರತೆಯಿಲ್ಲ. ಅವರ ಮಾತುಕತೆಯಲ್ಲಿ ಷೆವರ್ಲೆ ಇಂಪಾಲಾ, ಪ್ಲಿಮತ್, ಡಾಡ್ಜ್ ಮೊದಲಾದ ಅಮೆರಿಕನ್ ಕಾರುಗಳು ಬಂದೇ ಬರುತ್ತವೆ. ಎಪ್ಪತ್ತರ ದಶಕದಲ್ಲಿ ಗಲ್ಫ್‌ಗೆ ದುಡಿಯಲು ಹೋದವರು ಉದ್ದನೆಯ ಅಮೆರಿಕನ್ ಕಾರಿಗೆ ಒರಗಿ ನಿಂತು ತೆಗೆಸಿಕೊಂಡ ಫೋಟೊಗಳು ಕರಾವಳಿಯ ಎಷ್ಟೋ ಮನೆಗಳ ಆಲ್ಬಂಗಳಲ್ಲಿವೆ. ಇನ್ನು ಊರಿನಲ್ಲೇ ಇದ್ದ ಅಂಥ ಕಾರುಗಳ ಕತೆ ಹೇಳುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: ಮೂಲ ಪೆಟ್ರೋಲ್ ಎಂಜಿನ್ ಇಳಿಸಿ, ಡೀಸೆಲ್ ಎಂಜಿನ್ ಕೂರಿಸಿದ್ದು.

ಇಂಥ ಮಾತುಕತೆಯ ನಡುವೆಯೇ ಒಂದು ಫಾರ್ವರ್ಡ್ ಆಗಾಗ ತಲೆ ಹಾಕುತ್ತದೆ. ಅದರ ಸಾರ ಹೀಗಿದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ವಿಜ್ಞಾನಿ ಕಡಲೆಕಾಯಿ ಎಣ್ಣೆಯಿಂದ ಓಡುವ ಎಂಜಿನ್ ಕಂಡುಹಿಡಿದರಂತೆ. ರೈತ ತನ್ನ ಇಂಧನವನ್ನು ತಾನೇ ಬೆಳೆದುಕೊಳ್ಳುವ ಕಾಲ ಬರುತ್ತದೆಂದು ಹೆದರಿದ ತೈಲ ಕಂಪನಿಗಳು ಅವರನ್ನು ಹಡಗಿನಿಂದ ಸಮುದ್ರಕ್ಕೆ ತಳ್ಳಿದವಂತೆ. ಆಮೇಲೆ ಆ ಎಂಜಿನ್ನನ್ನು ಬದಲಾಯಿಸಿ, ಪೆಟ್ರೋಲಿಯಂ ಮಾತ್ರ ಕುಡಿಯುವಂತೆ ಮಾಡಿದರಂತೆ. ಕೊನೆಗೆ, ನಿಮ್ಮ ಡೀಸೆಲ್ ಗಾಡಿಗೆ ಅಡುಗೆ ಎಣ್ಣೆ ಹಾಕಿದರೂ ಓಡುತ್ತದೆ ಎಂಬ ಸಲಹೆ.

ಈ ಕತೆಯಲ್ಲಿ ನಿಜದ ಚೂರುಗಳಿವೆ. ಅದಕ್ಕೇ ಜನ ನಂಬುತ್ತಾರೆ. ಆದರೆ ಕೊನೆಯ ಸಲಹೆಯನ್ನು ನಂಬಿ ಟ್ಯಾಂಕಿಗೆ ಎಣ್ಣೆ ಸುರಿದರೆ ಪಂಪ್, ಇಂಜೆಕ್ಟರ್ ಎಲ್ಲ ಹಾಳಾಗಿ ದೊಡ್ಡ ಬಿಲ್ ಬರುತ್ತದೆ. ಆದ್ದರಿಂದ ಈ ಮನುಷ್ಯನ ಬದುಕನ್ನು ಮೊದಲಿನಿಂದ ನೋಡೋಣ. ಇಂಧನದ ಹೆಸರು, ಮನುಷ್ಯನ ಹೆಸರು ಎರಡೂ ಒಂದೇ ಆಗಿರುವುದರಿಂದ ಗೊಂದಲ ಬೇಡವೆಂದು ನಾವು ಅವರನ್ನು ರುಡಾಲ್ಫ್ ಎಂದೇ ಕರೆಯುತ್ತೇವೆ.

ಪ್ಯಾರಿಸ್‌ನಲ್ಲಿ ಹುಟ್ಟಿದ ಜರ್ಮನ್ ಹುಡುಗ

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಫ್ರಾನ್ಸಿನ ಪ್ಯಾರಿಸ್‌ನಲ್ಲಿ. ತಂದೆ ಥಿಯೊಡೋರ್ ಜರ್ಮನಿಯ ಬವೇರಿಯಾ ಪ್ರದೇಶದಿಂದ ಬಂದು ನೆಲೆಸಿದ್ದವರು. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಚರ್ಮದ ಸಾಮಾನು ತಯಾರಿಸುವುದು ಅವರ ಕಸುಬು. ಕೈಯಲ್ಲಿ ಹೆಚ್ಚು ಹಣವಿದ್ದ ಕುಟುಂಬವಲ್ಲ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ ಶುರುವಾಯಿತು. ಜರ್ಮನ್ ಮೂಲದವರು ಪ್ಯಾರಿಸ್ ಬಿಡಬೇಕಾಯಿತು. ಈ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿ ಎಲ್ಲರೂ ಒಟ್ಟಿಗೆ ಬದುಕುವುದು ಕಷ್ಟವಾಗಿ, 12 ವರ್ಷದ ರುಡಾಲ್ಫ್‌ನನ್ನು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಹುಡುಗನಿಗೆ ಓದಿನ ದಾರಿ ಸಿಕ್ಕಿದ್ದು ಅಲ್ಲಿಯೇ.

ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್‌ನ ತಾಂತ್ರಿಕ ಕಾಲೇಜು ಸೇರಿದರು. ಟೈಫಾಯ್ಡ್ ಬಂದು ಒಂದು ಪರೀಕ್ಷೆ ತಪ್ಪಿತು. ಮುಂದಿನ ಅವಕಾಶದಲ್ಲಿ, 1880ರ ಆರಂಭದಲ್ಲಿ, ಅತ್ಯುತ್ತಮ ಅಂಕಗಳೊಂದಿಗೆ ತೇರ್ಗಡೆಯಾದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಒಬ್ಬರು ಕಾರ್ಲ್ ಫಾನ್ ಲಿಂಡೆ. ಯಂತ್ರದಿಂದ ತಂಪು ಉತ್ಪಾದಿಸುವ ತಂತ್ರಕ್ಕೆ, ಅಂದರೆ ಇಂದಿನ ಫ್ರಿಜ್ ಮತ್ತು ಐಸ್ ಪ್ಲಾಂಟ್‌ಗಳಿಗೆ, ಅಡಿಪಾಯ ಹಾಕಿದವರಲ್ಲಿ ಲಿಂಡೆ ದೊಡ್ಡ ಹೆಸರು.

ಓದು ಮುಗಿದ ಮೇಲೆ ರುಡಾಲ್ಫ್ ಸೇರಿದ್ದು ಲಿಂಡೆಯವರ ಉದ್ಯಮಕ್ಕೇ. ಪ್ಯಾರಿಸ್‌ನಲ್ಲಿ ಐಸ್ ಪ್ಲಾಂಟ್ ನೋಡಿಕೊಳ್ಳುವ ಕೆಲಸ. ಇಂದು ಮಂಗಳೂರಿನ ದಕ್ಕೆಗೆ ಹೋಗಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮೀನಿನ ಬೋಟು ಕಡಲಿಗಿಳಿಯುವ ಮುನ್ನ ತುಂಬಿಸಿಕೊಳ್ಳುವ ಎರಡು ಮುಖ್ಯ ಸಾಮಾನು ಐಸ್ ಮತ್ತು ಡೀಸೆಲ್. ಒಂದರ ಹಿಂದೆ ಗುರು, ಇನ್ನೊಂದರ ಹಿಂದೆ ಶಿಷ್ಯ.

ಹತ್ತರಲ್ಲಿ ಒಂಬತ್ತು ಪಾಲು ಹಾಳು

ಆ ಕಾಲದ ಕಾರ್ಖಾನೆಗಳೆಲ್ಲ ಹಬೆ ಎಂಜಿನ್ನಿನ ಮೇಲೆ ನಡೆಯುತ್ತಿದ್ದವು. ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಕೂಡ ಕೆಲಸಕ್ಕೆ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಹೊಗೆ, ಬಿಸಿ. ಅಲ್ಲದೆ ದೊಡ್ಡ ಬಾಯ್ಲರ್ ಇಡಲು ದೊಡ್ಡ ಬಂಡವಾಳ ಬೇಕು. ಸಣ್ಣ ಕಸುಬುದಾರನಿಗೆ ಅದು ಕೈಗೆಟುಕದು. ಚರ್ಮದ ಕೆಲಸದ ಮನೆಯಲ್ಲಿ ಬೆಳೆದ ರುಡಾಲ್ಫ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ಮಾಡುವ, ಸಣ್ಣವರೂ ಬಳಸಬಹುದಾದ ಎಂಜಿನ್ ಬೇಕು ಎಂಬುದು ಅವರ ಗುರಿಯಾಯಿತು.

ಅವರು ಹಿಡಿದ ದಾರಿ ಸರಳವಾಗಿ ಹೀಗೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಿದರೆ ಅದು ಬಿಸಿಯಾಗುತ್ತದೆ. ಇನ್ನೂ ಜೋರಾಗಿ, ಹದಿನೈದು ಇಪ್ಪತ್ತು ಪಟ್ಟು ಒತ್ತಿದರೆ? ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣದಲ್ಲಿ ಎಣ್ಣೆಯನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಿಡಿ ಬೇಕಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಒತ್ತಿ, ಸ್ಪಾರ್ಕ್ ಪ್ಲಗ್‌ನಿಂದ ಕಿಡಿ ಕೊಡುತ್ತಾರೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಹೆಚ್ಚು ಒತ್ತುವುದರಿಂದಲೇ ಅದರ ಇಂಧನ ಖರ್ಚು ಕಡಿಮೆ. ಅದೇ ಕಾರಣಕ್ಕೆ ಅದರ ಭಾಗಗಳು ದಪ್ಪ, ಭಾರ, ಸದ್ದು ಹೆಚ್ಚು. ಈ ವ್ಯತ್ಯಾಸ ನೆನಪಿರಲಿ. ಎಂಜಿನ್ ಬದಲಾವಣೆಯ ವಿಷಯ ಬಂದಾಗ ಬೇಕಾಗುತ್ತದೆ.

1892ರಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು, 1893ರಲ್ಲಿ ಅದು ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ಹಣ ಹಾಕಲು ಒಪ್ಪಿದವು. ಆ ಆಗ್ಸ್‌ಬರ್ಗ್ ಕಾರ್ಖಾನೆಯೇ ಮುಂದೆ ಎಂಎಎನ್ ಎಂಬ ಹೆಸರಾಂತ ಕಂಪನಿಯಾಯಿತು. 1893ರ ಆಗಸ್ಟ್‌ನಲ್ಲಿ ನಡೆದ ಮೊದಲ ಪ್ರಯೋಗದಲ್ಲೇ ಒತ್ತಡ ಅಳೆಯುವ ಉಪಕರಣ ಸಿಡಿಯಿತು. ಅಲ್ಲಿದ್ದವರು ಬದುಕಿದ್ದೇ ಹೆಚ್ಚು. ಆದರೆ ಒತ್ತಿದ ಗಾಳಿಯ ಬಿಸಿಗೆ ಇಂಧನ ಹೊತ್ತಿಕೊಳ್ಳುತ್ತದೆ ಎಂಬುದು ಖಚಿತವಾಯಿತು. 1894ರ ಫೆಬ್ರವರಿಯಲ್ಲಿ ಎಂಜಿನ್ ಸುಮಾರು ಒಂದು ನಿಮಿಷ ತನ್ನ ಸ್ವಂತ ಬಲದಲ್ಲಿ ಓಡಿತು.

ಇನ್ನೂ ಮೂರು ವರ್ಷದ ಬಳಿಕ, 1897ರ ಫೆಬ್ರವರಿ 17ರಂದು, ಮ್ಯೂನಿಕ್‌ನ ಪ್ರಾಧ್ಯಾಪಕ ಮಾರಿಟ್ಸ್ ಶ್ರೋಟರ್ ಅವರ ಉಸ್ತುವಾರಿಯಲ್ಲಿ ಅಧಿಕೃತ ಪರೀಕ್ಷೆ ನಡೆಯಿತು. ಇಂಧನದ ಶಕ್ತಿಯಲ್ಲಿ ಶೇ. 26.2 ಭಾಗ ಕೆಲಸವಾಗಿ ಬಂದಿತ್ತು. ಹಬೆ ಎಂಜಿನ್ನಿಗೆ ಹೋಲಿಸಿದರೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಆ ಎಂಜಿನ್ ಇಂದಿಗೂ ಮ್ಯೂನಿಕ್‌ನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿದೆ. ಆಳೆತ್ತರ ಮೀರಿದ, ಟನ್‌ಗಟ್ಟಲೆ ತೂಗುವ ಕಬ್ಬಿಣದ ಕಂಬದಂಥ ಯಂತ್ರ ಅದು. ಹೊಮ್ಮಿಸಿದ ಶಕ್ತಿ ಮಾತ್ರ 20 ಅಶ್ವಶಕ್ತಿಗಿಂತ ಕಡಿಮೆ. ಕಾರಿನಲ್ಲಿ ಕೂರಿಸುವ ಮಾತು ಆಗ ಕನಸಿನಲ್ಲೂ ಇರಲಿಲ್ಲ.

ಕಡಲೆಕಾಯಿ ಎಣ್ಣೆಯ ಕತೆ ಎಷ್ಟು ನಿಜ?

ಈಗ ಫಾರ್ವರ್ಡ್‌ನ ಮೊದಲ ಭಾಗಕ್ಕೆ ಬರೋಣ. ರುಡಾಲ್ಫ್ ಆರಂಭದಲ್ಲಿ ಯೋಚಿಸಿದ ಇಂಧನಗಳಲ್ಲಿ ಕಲ್ಲಿದ್ದಲಿನ ಪುಡಿ ಕೂಡ ಇತ್ತು. ಅದು ಕೈಹಿಡಿಯಲಿಲ್ಲ. 1897ರ ಪರೀಕ್ಷೆಯಲ್ಲಿ ಬಳಸಿದ್ದು ಸೀಮೆಎಣ್ಣೆ. ಅಂದರೆ ಮೊದಲ ಯಶಸ್ವಿ ಡೀಸೆಲ್ ಎಂಜಿನ್ ಓಡಿದ್ದು ಪೆಟ್ರೋಲಿಯಂನಿಂದ ಬಂದ ಎಣ್ಣೆಯಲ್ಲೇ.

ಕಡಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅಲ್ಲಿ ಒಂದು ಕಂಪನಿ ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿತು. ಎಂಜಿನ್ನಿನಲ್ಲಿ ಏನೂ ಬದಲಾವಣೆ ಮಾಡಿರಲಿಲ್ಲ. ಎಷ್ಟು ಸಲೀಸಾಗಿ ಓಡಿತೆಂದರೆ ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಖಾದ್ಯ ಎಣ್ಣೆ ಎಂದೇ ತಿಳಿಯಲಿಲ್ಲ. ಈ ಯೋಚನೆ ಬಂದಿದ್ದು ಫ್ರಾನ್ಸ್ ಸರ್ಕಾರದ ಕಡೆಯಿಂದ. ಆಫ್ರಿಕಾದಲ್ಲಿದ್ದ ಅದರ ವಸಾಹತುಗಳಲ್ಲಿ ಕಡಲೆಕಾಯಿ ಹೇರಳ, ಕಲ್ಲಿದ್ದಲು ಇಲ್ಲ. ಸ್ಥಳೀಯ ಎಣ್ಣೆಯಲ್ಲೇ ಯಂತ್ರ ಓಡೀತೇ ಎಂದು ನೋಡಬೇಕಿತ್ತು.

ರುಡಾಲ್ಫ್ ಮುಂದೆ, ಬದುಕಿನ ಕೊನೆಯ ವರ್ಷಗಳಲ್ಲಿ, ಗಿಡದ ಎಣ್ಣೆಗಳಿಗೆ ಒಳ್ಳೆಯ ಭವಿಷ್ಯ ಇರಬಹುದು ಎಂದು ಭಾಷಣಗಳಲ್ಲಿ ಹೇಳಿದ್ದು ನಿಜ. ಆದರೆ ಅದು ಎಂಜಿನ್ ಹುಟ್ಟಿ ಹದಿನೈದು ವರ್ಷದ ಬಳಿಕದ ಮಾತು. ಹಾಗಾಗಿ ಕಡಲೆಕಾಯಿ ಎಣ್ಣೆಗಾಗಿಯೇ ಎಂಜಿನ್ ಮಾಡಿದರು ಎಂಬುದು ತಪ್ಪು. ಕಡಲೆಕಾಯಿ ಎಣ್ಣೆಯಲ್ಲೂ ಓಡಿತ್ತು ಎಂಬುದು ಸರಿ.

ಕೋಟ್ಯಧಿಪತಿ ಸಾಲಗಾರನಾದದ್ದು

ಎಂಜಿನ್ ಗೆದ್ದ ಕೂಡಲೇ ಹಣ ಹರಿದು ಬಂತು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಶ್ ತಮ್ಮ ದೇಶದ ಹಕ್ಕಿಗಾಗಿ 10 ಲಕ್ಷ ಮಾರ್ಕ್ ಕೊಟ್ಟರು. ರಷ್ಯಾದಲ್ಲಿ ಎಮಾನುಯೆಲ್ ನೊಬೆಲ್ ಹಕ್ಕು ಕೊಂಡರು. ನೊಬೆಲ್ ಪ್ರಶಸ್ತಿ ಸ್ಥಾಪಿಸಿದ ಆಲ್ಫ್ರೆಡ್ ಅವರ ಅಣ್ಣನ ಮಗ ಇವರು. ರಷ್ಯಾದ ದೊಡ್ಡ ತೈಲ ಉದ್ಯಮಿಯೂ ಹೌದು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ರುಡಾಲ್ಫ್ ಮ್ಯೂನಿಕ್‌ನಲ್ಲಿ ಭವ್ಯವಾದ ಬಂಗಲೆ ಕಟ್ಟಿಸಿದರು. ಹೆಂಡತಿ ಮಾರ್ಥಾ, ಮೂವರು ಮಕ್ಕಳ ಸುಖೀ ಸಂಸಾರ.

ಹೊರಗೆ ಹೀಗಿದ್ದರೆ ಒಳಗೆ ಬೇರೆಯೇ ನಡೆಯುತ್ತಿತ್ತು. ಆರಂಭದ ಎಂಜಿನ್‌ಗಳು ಗಿರಾಕಿಗಳ ಕಾರ್ಖಾನೆಯಲ್ಲಿ ಪದೇ ಪದೇ ಕೆಟ್ಟು ನಿಂತವು. ಕೆಲವರು ಹಣ ವಾಪಸ್ ಕೇಳಿದರು. ಇದು ತಮ್ಮ ಯೋಚನೆ ಎಂದು ಬೇರೆ ಎಂಜಿನಿಯರ್‌ಗಳು ತಕರಾರು ತೆಗೆದರು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಇದಕ್ಕೂ ಮೊದಲೇ ಇನ್ನೊಂದು ಬಗೆಯ ಎಣ್ಣೆ ಎಂಜಿನ್ ಮಾಡಿದ್ದರು ಎಂಬುದೂ ನಿಜ. ಒತ್ತಡ ತಾಳದೆ ರುಡಾಲ್ಫ್ ಅವರ ಆರೋಗ್ಯ ಕುಸಿಯಿತು. ತಲೆನೋವು, ನಿದ್ದೆಯಿಲ್ಲದ ರಾತ್ರಿಗಳು. 1898ರ ಹೊತ್ತಿಗೇ ಅವರು ತಿಂಗಳುಗಟ್ಟಲೆ ವಿಶ್ರಾಂತಿ ಧಾಮದಲ್ಲಿ ಇರಬೇಕಾಯಿತು.

ಎಂಜಿನ್ ವಿಷಯದಲ್ಲಿ ಜಾಣರಾಗಿದ್ದ ಅವರು ಹಣದ ವಿಷಯದಲ್ಲಿ ಎಡವುತ್ತಲೇ ಹೋದರು. ಜಮೀನು ವ್ಯವಹಾರದಲ್ಲಿ ಕಳೆದುಕೊಂಡರು. ಪೂರ್ವ ಯುರೋಪಿನ ಗಲೀಷಿಯಾದ ತೈಲ ಬಾವಿಗಳ ಮೇಲೆ ಹಾಕಿದ ಹಣವೂ ಮುಳುಗಿತು. ತೈಲದ ಶತ್ರು ಎಂದು ಫಾರ್ವರ್ಡ್ ಹೇಳುವ ವ್ಯಕ್ತಿ ಸ್ವತಃ ತೈಲ ಬಾವಿಗೆ ಹಣ ಹಾಕಿದ್ದರು. 1907–08ರ ಹೊತ್ತಿಗೆ ಅವರ ಮುಖ್ಯ ಪೇಟೆಂಟ್‌ಗಳ ಅವಧಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಆ ಎಂಜಿನ್ ಮಾಡಬಹುದಿತ್ತು. ಬರುವ ಹಣ ನಿಂತಿತು, ಬಂಗಲೆಯ ಖರ್ಚು ನಿಲ್ಲಲಿಲ್ಲ. ಸಾಲ ಬೆಳೆಯಿತು. ಮನೆಯವರಿಗೂ ಅದರ ಪೂರ್ತಿ ಲೆಕ್ಕ ತಿಳಿದಿರಲಿಲ್ಲ.

1913ರ ಸೆಪ್ಟೆಂಬರ್ 29ರ ರಾತ್ರಿ

ಆ ಸಂಜೆ ರುಡಾಲ್ಫ್ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ಇಂಗ್ಲೆಂಡಿನ ಹಾರ್ವಿಚ್‌ಗೆ ಒಂದು ರಾತ್ರಿಯ ಪ್ರಯಾಣ. ಇಂಗ್ಲೆಂಡಿನಲ್ಲಿ ತಮ್ಮ ಎಂಜಿನ್ ತಯಾರಿಸುವ ಕಂಪನಿಯ ಸಭೆಯಿತ್ತು. ಜತೆಗೆ ಇಬ್ಬರು ಉದ್ಯಮದ ಗೆಳೆಯರು. ಮೂವರೂ ಊಟ ಮಾಡಿದರು, ಡೆಕ್ ಮೇಲೆ ಅಡ್ಡಾಡಿದರು. ರಾತ್ರಿ ಹತ್ತರ ಸುಮಾರಿಗೆ ರುಡಾಲ್ಫ್ ಮಲಗಲು ಹೋದರು. ಬೆಳಗ್ಗೆ ಆರು ಕಾಲಿಗೆ ಎಬ್ಬಿಸುವಂತೆ ಹೇಳಿದ್ದರು.

ಬೆಳಗ್ಗೆ ನೋಡಿದರೆ ಕೋಣೆ ಖಾಲಿ. ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಹಿಂಬದಿಯ ಡೆಕ್‌ನ ಕಂಬಿಯ ಬಳಿ ಅವರ ಹ್ಯಾಟ್ ಮತ್ತು ಮಡಚಿಟ್ಟ ಕೋಟು ಸಿಕ್ಕವು. ದಿನಚರಿಯಲ್ಲಿ ಆ ದಿನದ ಎದುರು ಒಂದು ಶಿಲುಬೆಯ ಗುರುತಿತ್ತು. ಸುಮಾರು ಹತ್ತು ದಿನಗಳ ಬಳಿಕ ಡಚ್ ದೋಣಿಯೊಂದು ಸಮುದ್ರದಲ್ಲಿ ಶವವೊಂದನ್ನು ಕಂಡಿತು. ಅದು ತುಂಬ ಕೆಟ್ಟಿದ್ದರಿಂದ ಜೇಬಿನಲ್ಲಿದ್ದ ಸಾಮಾನು ಮಾತ್ರ ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಕನ್ನಡಕದ ಡಬ್ಬಿ, ಮಾತ್ರೆ ಡಬ್ಬಿ, ಚಾಕು ಇತ್ಯಾದಿ ತಂದೆಯವೇ ಎಂದು ಮಗ ಯೂಜೆನ್ ಗುರುತಿಸಿದರು. ಬಳಿಕ ಮನೆಯಲ್ಲಿ ಕಾಗದಪತ್ರ ತೆಗೆದು ನೋಡಿದಾಗ ಬ್ಯಾಂಕ್ ಖಾತೆಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು.

ಶವ ಪರೀಕ್ಷೆಯೇ ನಡೆಯದ ಸಾವಿನ ಬಗ್ಗೆ ನೂರಕ್ಕೆ ನೂರು ಹೀಗೇ ಎಂದು ಹೇಳಲು ಬಾರದು. ಆ ಖಾಲಿ ಜಾಗದಲ್ಲೇ ಕತೆಗಳು ಹುಟ್ಟಿದ್ದು. ಹಾಗಿದ್ದರೂ ಕತೆಗಳನ್ನು ತೂಗಿ ನೋಡಬಹುದು.

ತೈಲ ಕಂಪನಿಗಳು ಕೊಂದವು ಎನ್ನುವುದಾದರೆ ಅವಕ್ಕೆ ಲಾಭವೇನು? ಡೀಸೆಲ್ ಎಂಜಿನ್ ಆಗಲೇ ಪೆಟ್ರೋಲಿಯಂ ಎಣ್ಣೆಯ ದೊಡ್ಡ ಗಿರಾಕಿಯಾಗಿತ್ತು. ತೈಲ ಉದ್ಯಮಿ ನೊಬೆಲ್ ದುಡ್ಡು ಕೊಟ್ಟು ಹಕ್ಕು ಕೊಂಡಿದ್ದೇ ಅದಕ್ಕಾಗಿ. ಪೇಟೆಂಟ್ ಮುಗಿದು ಐದು ವರ್ಷ ದಾಟಿತ್ತು. ಹಲವು ದೇಶಗಳ ಕಾರ್ಖಾನೆಗಳು ಎಂಜಿನ್ ಮಾಡುತ್ತಿದ್ದವು. 1912ರಲ್ಲಿ ಡೆನ್ಮಾರ್ಕ್‌ನ ಸೆಲಾಂಡಿಯಾ ಎಂಬ ಡೀಸೆಲ್ ಹಡಗು ಸಾಗರ ದಾಟಿ ಬ್ಯಾಂಕಾಕ್‌ವರೆಗೂ ಹೋಗಿತ್ತು. ಒಬ್ಬ ಮನುಷ್ಯನನ್ನು ಇಲ್ಲವಾಗಿಸಿದರೆ ಇದೆಲ್ಲ ನಿಲ್ಲುತ್ತಿರಲಿಲ್ಲ, ನಿಲ್ಲಲೂ ಇಲ್ಲ.

ಇನ್ನೊಂದು ಕತೆ, ಜಲಾಂತರ್ಗಾಮಿಯ ಗುಟ್ಟು ಇಂಗ್ಲೆಂಡಿಗೆ ಹೋಗದಂತೆ ಜರ್ಮನ್ ಗೂಢಚಾರರು ಕೊಂದರು ಎಂಬುದು. ಆದರೆ ಬ್ರಿಟನ್ನಿನ ನೌಕಾಪಡೆಯ ಬಳಿ 1913ಕ್ಕಿಂತ ಮೊದಲೇ ಡೀಸೆಲ್ ಜಲಾಂತರ್ಗಾಮಿಗಳಿದ್ದವು. ಮುಚ್ಚಿಡುವ ಗುಟ್ಟು ಉಳಿದಿರಲಿಲ್ಲ. ಸಾಲ, ಕಾಯಿಲೆ, ದಿನಚರಿಯ ಗುರುತು, ಮಡಚಿಟ್ಟ ಕೋಟು ಇವನ್ನೆಲ್ಲ ನೋಡಿ ಅವರ ಬದುಕು ಬರೆದ ಹೆಚ್ಚಿನವರು ಇದು ಆತ್ಮಹತ್ಯೆಯೇ ಇರಬೇಕು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಕೊಲೆಗೆ ಸಾಕ್ಷ್ಯ ಇದುವರೆಗೆ ಸಿಕ್ಕಿಲ್ಲ.

ಅಮೆರಿಕನ್ ಕಾರಿನ ಬಾನೆಟ್ ಕೆಳಗೆ

ರುಡಾಲ್ಫ್ ಸತ್ತಾಗ ಡೀಸೆಲ್ ಎಂಜಿನ್ ಹಡಗು, ಕಾರ್ಖಾನೆಗಳ ಸೊತ್ತು. ಎಣ್ಣೆಯನ್ನು ಸಿಲಿಂಡರಿಗೆ ಚಿಮ್ಮಿಸಲು ಒತ್ತಿದ ಗಾಳಿ ಬೇಕಿತ್ತು, ಅದಕ್ಕೊಂದು ಭಾರದ ಕಂಪ್ರೆಸರ್ ಬೇಕಿತ್ತು. ಪಂಪಿನಿಂದ ನೇರವಾಗಿ ಎಣ್ಣೆ ಚಿಮ್ಮಿಸುವ ವಿಧಾನ ಬಂದ ಮೇಲಷ್ಟೇ 1920ರ ದಶಕದಲ್ಲಿ ಡೀಸೆಲ್ ಲಾರಿಗಳು ರಸ್ತೆಗಿಳಿದವು. ಬಾಷ್ ಕಂಪನಿಯ ಪಂಪ್ 1927ರಿಂದ ತಯಾರಾಗತೊಡಗಿತು. 1936ರಲ್ಲಿ ಮರ್ಸಿಡಿಸ್ 260ಡಿ ಎಂಬ ಡೀಸೆಲ್ ಕಾರು ಬಂತು.

ಅಷ್ಟರೊಳಗೆ ಅಮೆರಿಕದಲ್ಲಿ ಒಂದು ಹೆಸರಾಂತ ಎಂಜಿನ್ ಬದಲಾವಣೆ ನಡೆದಿತ್ತು. ಕ್ಲೆಸ್ಸಿ ಕಮಿನ್ಸ್ ಎಂಬ ಮೆಕ್ಯಾನಿಕ್ 1919ರಲ್ಲಿ ಡೀಸೆಲ್ ಎಂಜಿನ್ ಕಂಪನಿ ಶುರು ಮಾಡಿದ್ದರು. ವ್ಯಾಪಾರ ಕುಂಟುತ್ತಿತ್ತು. 1929ರ ಕೊನೆಗೆ ಅವರು ಬೋಟಿನ ಡೀಸೆಲ್ ಎಂಜಿನ್ನನ್ನು ಹಳೆಯ ಪ್ಯಾಕಾರ್ಡ್ ಕಾರಿನಲ್ಲಿ ಕೂರಿಸಿದರು. 1930ರ ಜನವರಿಯಲ್ಲಿ ಅದನ್ನು ಓಡಿಸಿಕೊಂಡು ಸುಮಾರು 800 ಮೈಲಿ ದೂರದ ನ್ಯೂಯಾರ್ಕ್ ಕಾರು ಪ್ರದರ್ಶನಕ್ಕೆ ಹೋದರು. ಇಂಧನದ ಖರ್ಚು ಒಂದೂವರೆ ಡಾಲರಿಗಿಂತ ಕಡಿಮೆ. ಈ ಸುದ್ದಿಯಿಂದ ಕಂಪನಿ ಹೆಸರಾಯಿತು. ನಮ್ಮಲ್ಲಿ ಜನರೇಟರ್ ಕಂಡವರಿಗೆಲ್ಲ ಕಮಿನ್ಸ್ ಹೆಸರು ಗೊತ್ತು.

ಮಂಗಳೂರಿನ ಕತೆಗೆ ಬರೋಣ. 1956ರವರೆಗೆ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಬ್ರಿಟಿಷ್ ವಿನ್ಯಾಸದ ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳನ್ನು ನಮ್ಮ ದೇಶದಲ್ಲಿ ತಯಾರಿಸಿದ್ದು ಮದರಾಸಿನ ಸಿಂಪ್ಸನ್ ಕಂಪನಿ. ಆ ಕಾಲದ ಅಮೆರಿಕನ್ ಕಾರು, ಲಾರಿಗಳ ಪೆಟ್ರೋಲ್ ಎಂಜಿನ್ ಸವೆದಾಗ ಬಿಡಿಭಾಗ ಸಿಗುತ್ತಿರಲಿಲ್ಲ, ಆಮದಿಗೆ ಅನುಮತಿ ಇರಲಿಲ್ಲ. ಸಿಕ್ಕರೂ ಅವು ಲೀಟರಿಗೆ ಐದಾರು ಕಿಲೋಮೀಟರ್ ಓಡುವ ದೊಡ್ಡ ಬಾಯಿಯ ಎಂಜಿನ್‌ಗಳು. ಹಾಗಾಗಿ ದೇಶದ ಉದ್ದಗಲಕ್ಕೂ ಗ್ಯಾರೇಜುಗಳಲ್ಲಿ ಪರ್ಕಿನ್ಸ್, ಆಮೇಲೆ ಮೆಟಡಾರ್ ವ್ಯಾನಿನ ಎಂಜಿನ್‌ಗಳು ಈ ಕಾರುಗಳ ಬಾನೆಟ್ ಕೆಳಗೆ ಹೊಕ್ಕವು. ಘಟ್ಟದ ರಸ್ತೆಗಳಲ್ಲಿ ಓಡುವ ವಿಲ್ಲೀಸ್ ಜೀಪುಗಳಿಗೂ ಇದೇ ಚಿಕಿತ್ಸೆ ಆಯಿತು.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಪೂರೈಕೆಗೆ ತಡೆ ಹಾಕಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ 3 ಡಾಲರಿನ ಆಸುಪಾಸಿನಿಂದ 12 ಡಾಲರಿನ ಹತ್ತಿರಕ್ಕೆ ಏರಿತು. ಪೆಟ್ರೋಲಿನ ದೊಡ್ಡ ಕಾರು ಇಟ್ಟುಕೊಳ್ಳುವುದೇ ಭಾರವಾಯಿತು. ಕೇವಲ ಒಂಬತ್ತು ವರ್ಷ ಮೊದಲು, 1964ರಲ್ಲಿ, ಅಮೆರಿಕದಲ್ಲಿ ಪಾಂಟಿಯಾಕ್ ಜಿಟಿಒ ಬಂದಿತ್ತು. ದೊಡ್ಡ ಕಾರಿನ 6.4 ಲೀಟರ್ ವಿ8 ಎಂಜಿನ್ನನ್ನು ಮಧ್ಯಮ ಗಾತ್ರದ ಕಾರಿನಲ್ಲಿ ಕೂರಿಸಿ ಮಾರಿದ ಗಾಡಿ ಅದು. ಕಂಪನಿಯವರೇ ಮಾಡಿದ ಎಂಜಿನ್ ಬದಲಾವಣೆ ಎನ್ನಬಹುದು. ನಮ್ಮ ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ನಿಗಿಂತ ನಾಲ್ಕು ಪಟ್ಟು ದೊಡ್ಡದು. ಇಂಥ ಕಾರುಗಳಿಗೇ ಮಸಲ್ ಕಾರು ಎಂಬ ಹೆಸರು ಬಿದ್ದದ್ದು. ತೈಲ ಬಿಕ್ಕಟ್ಟು ಅವುಗಳ ಕಾಲವನ್ನೂ ಮುಗಿಸಿತು.

ಇಂಪಾಲಾದಲ್ಲಿ ಡೀಸೆಲ್ ಎಂಜಿನ್ ಕಂಡವರು ಇಂದು ಮೂಗು ಮುರಿಯುತ್ತಾರೆ. ವಿ8ನ ಗುಡುಗು ಹೋಗಿ ಟೆಂಪೋದ ಕಟಕಟ ಬಂತಲ್ಲ ಎಂಬ ಬೇಸರ. ಆದರೆ ಅಂದು ಹಾಗೆ ಮಾಡದಿದ್ದರೆ ಎಷ್ಟೋ ಕಾರುಗಳು ಗುಜರಿಗೆ ಹೋಗುತ್ತಿದ್ದವು. ಇಂದು ಅವುಗಳನ್ನು ಮೂಲ ರೂಪಕ್ಕೆ ತರಲು ಹೊರಟವರಿಗೆ ಬಾಡಿಯಾದರೂ ಉಳಿದಿರುವುದು ಆ ಡೀಸೆಲ್ ಎಂಜಿನ್‌ನಿಂದ.

ಕೆಲಸ ಸುಲಭದ್ದಾಗಿರಲಿಲ್ಲ. ಡೀಸೆಲ್ ಎಂಜಿನ್ ಭಾರ, ನಡುಕ ಹೆಚ್ಚು. ಮೌಂಟಿಂಗ್ ಹೊಸದಾಗಿ ಮಾಡಬೇಕು, ಮುಂದಿನ ಸ್ಪ್ರಿಂಗ್ ಬಲಪಡಿಸಬೇಕು. ಅದು ಪೆಟ್ರೋಲ್ ಎಂಜಿನ್ನಿನಷ್ಟು ವೇಗವಾಗಿ ಸುತ್ತುವುದಿಲ್ಲವಾದ್ದರಿಂದ ಗೇರ್‌ಬಾಕ್ಸ್, ಕ್ರೌನ್ ಪಿನಿಯನ್ ಹೊಂದಿಸಬೇಕು. ಇದನ್ನೆಲ್ಲ ಕಂಪ್ಯೂಟರ್ ಇಲ್ಲದೆ, ಕಣ್ಣಳತೆಯಲ್ಲಿ, ಲೇತ್ ಮೆಷಿನ್ ಮತ್ತು ವೆಲ್ಡಿಂಗ್ ಇಟ್ಟುಕೊಂಡು ಮಾಡಿದ ಮೇಸ್ತ್ರಿಗಳ ಕೌಶಲ ದೊಡ್ಡದು.

ಅವರು ಎಂಜಿನ್ನನ್ನೇ ಬದಲಾಯಿಸಿದರು, ಪೆಟ್ರೋಲ್ ಎಂಜಿನ್ನಿಗೆ ಡೀಸೆಲ್ ಕುಡಿಸಲು ಹೋಗಲಿಲ್ಲ ಎಂಬುದನ್ನು ಗಮನಿಸಿ. ಅಮೆರಿಕದ ಓಲ್ಡ್ಸ್‌ಮೊಬೈಲ್ 1978ರಲ್ಲಿ ತನ್ನ ಪೆಟ್ರೋಲ್ ವಿ8ನ ವಿನ್ಯಾಸವನ್ನೇ ಆಧರಿಸಿ 5.7 ಲೀಟರ್ ಡೀಸೆಲ್ ಎಂಜಿನ್ ತಂದಿತು. ಬ್ಲಾಕ್ ಗಟ್ಟಿ ಮಾಡಿದ್ದರು. ಆದರೆ ಸಿಲಿಂಡರ್ ಹೆಡ್‌ನ ಬೋಲ್ಟ್‌ಗಳ ಜೋಡಣೆ ಹಳೆಯದೇ. ಡೀಸೆಲ್ ಎಂಜಿನ್ನಿನ ಒತ್ತಡಕ್ಕೆ ಬೋಲ್ಟ್ ಸೋತವು, ಗ್ಯಾಸ್ಕೆಟ್ ಹೋದವು. 1985ರ ಹೊತ್ತಿಗೆ ಅದನ್ನು ನಿಲ್ಲಿಸಬೇಕಾಯಿತು. ಅಮೆರಿಕದಲ್ಲಿ ಡೀಸೆಲ್ ಕಾರಿಗೆ ಕೆಟ್ಟ ಹೆಸರು ಬರಲು ಇದೊಂದು ದೊಡ್ಡ ಕಾರಣ.

ಹಾಗಾದರೆ ಅಡುಗೆ ಎಣ್ಣೆ ಹಾಕಬಹುದೇ?

ಬೇಡ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. 1900ರ ಎಂಜಿನ್ ನಿಧಾನವಾಗಿ ಸುತ್ತುವ ದೊಡ್ಡ ಯಂತ್ರ, ಕೆಲವು ಗಂಟೆಯ ಪ್ರದರ್ಶನಕ್ಕೆ ಸಾಕಾಯಿತು. ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಇಂಧನದ ಒತ್ತಡ ಕಾರಿನ ಟಯರಿನ ಗಾಳಿಗಿಂತ ಆರುನೂರು ಏಳುನೂರು ಪಟ್ಟು ಹೆಚ್ಚು, ಇಂಜೆಕ್ಟರಿನ ತೂತು ಕೂದಲೆಳೆಯಷ್ಟು. ಮಂದ ಎಣ್ಣೆ ಅಲ್ಲಿ ಸರಿಯಾಗಿ ಚಿಮ್ಮುವುದಿಲ್ಲ. ಅರೆಬರೆ ಸುಟ್ಟು ಇದ್ದಿಲಾಗಿ ಅಂಟುತ್ತದೆ. ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ. ಎಂಜಿನ್ ಆಯಿಲ್‌ಗೆ ಬೆರೆತು ಗಟ್ಟಿಯಾಗುತ್ತದೆ.

ಗಿಡದ ಎಣ್ಣೆ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದ್ದರು. ಒಂದೇ ವೇಗದಲ್ಲಿ ಓಡುವ ಗಟ್ಟಿ ಎಂಜಿನ್, ತಿಳಿದವರ ಉಸ್ತುವಾರಿ ಇದ್ದಾಗ ಅದು ಸಾಧ್ಯ. ವಾಹನಕ್ಕಾದರೆ ಎಣ್ಣೆಯನ್ನು ಮೆಥನಾಲ್ ಜತೆ ರಾಸಾಯನಿಕವಾಗಿ ಬದಲಾಯಿಸಿ, ತೆಳುವಾದ ಬಯೋಡೀಸೆಲ್ ಮಾಡಬೇಕು. ಕರಿದು ಉಳಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಶುರು ಮಾಡಿದೆ. ರುಡಾಲ್ಫ್ ಅವರ ಆಸೆ ಮಣ್ಣುಪಾಲಾಗಿಲ್ಲ, ಅದು ಕಾರ್ಖಾನೆಯ ದಾರಿಯಲ್ಲಿ ಬರುತ್ತಿದೆ.

ಹಳೆಯ ಗಾಡಿಗೆ ಬೇರೆ ಎಂಜಿನ್ ಹಾಕಿಸುವ ಆಸೆ ಇರುವವರಿಗೂ ಒಂದು ಮಾತು. ಅಂದು ನಡೆದದ್ದು ಇಂದು ಹಾಗೇ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ಬೇಕು. ಎಂಜಿನ್ ನಂಬರ್ ಹೊಂದದ ಗಾಡಿ ಅಪಘಾತವಾದರೆ ವಿಮೆ ಹಣಕ್ಕೆ ಅಲೆದಾಟ ತಪ್ಪದು.

ಫಾರ್ವರ್ಡ್ ಮಾಡುವ ಮುನ್ನ

- ರುಡಾಲ್ಫ್ ಡೀಸೆಲ್ ಕಡಲೆಕಾಯಿ ಎಣ್ಣೆಗಾಗಿ ಎಂಜಿನ್ ಮಾಡಿದರು: ತಪ್ಪು. 1900ರಲ್ಲಿ ಆ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದು ನಿಜ.
- ತೈಲ ಕಂಪನಿಗಳು ಅವರನ್ನು ಕೊಂದವು: ಸಾಕ್ಷ್ಯವಿಲ್ಲ. ಕೊಲ್ಲುವ ಕಾರಣವೂ ಕಾಣುವುದಿಲ್ಲ.
- ಅವರ ಎಂಜಿನ್ನನ್ನು ಮುಚ್ಚಿಹಾಕಿದರು: ತಪ್ಪು. ದಕ್ಕೆಯ ಬೋಟಿನಿಂದ ಹಳೆಯ ಇಂಪಾಲಾವರೆಗೆ ಎಲ್ಲೆಡೆ ಓಡಿದೆ, ಓಡುತ್ತಿದೆ.
- ಡೀಸೆಲ್ ಗಾಡಿಗೆ ಅಡುಗೆ ಎಣ್ಣೆ ಸುರಿಯಬಹುದು: ಅಪಾಯ. ಎಂಜಿನ್ ಕೆಡುತ್ತದೆ.

ಈ ಕತೆಯಲ್ಲಿ ಫಾರ್ವರ್ಡ್ ಮುಚ್ಚಿಡುವ ಇನ್ನೊಂದು ವಿಷಯವಿದೆ. ಜಗತ್ತೇ ಹೊಗಳುತ್ತಿದ್ದ ಒಬ್ಬ ಮನುಷ್ಯ ಸಾಲದ ಭಾರವನ್ನು ಹೆಂಡತಿ ಮಕ್ಕಳಿಗೂ ಹೇಳದೆ ಒಬ್ಬರೇ ಹೊತ್ತರು. ನಿಮ್ಮ ಸುತ್ತಮುತ್ತ ಯಾರಾದರೂ ಸಾಲ, ಕಾಯಿಲೆ, ನಿದ್ದೆಯಿಲ್ಲದ ರಾತ್ರಿಗಳಲ್ಲಿ ಸಿಕ್ಕಿಕೊಂಡಿದ್ದರೆ ಕೂತು ಮಾತಾಡಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಧಾರಾಳವಾಗಿ ಫಾರ್ವರ್ಡ್ ಮಾಡಿ.